ಮಣಿದಿರಬಹುದೋ, ಮಣಿಯಬಹುದಿತ್ತೋ?

"ಹೀ ಮೈಟ್ ಹ್ಯಾವ್ ಗಿವನ್ ಇನ್." ಇದನ್ನ ಕನ್ನಡಕ್ಕೆ ತನ್ನಿ ನೋಡೋಣ. "ಅವನು ಮಣಿದಿರಬಹುದು" ಅನ್ನಬಹುದು. "ಅವನು ಮಣಿಯಬಹುದಿತ್ತು" ಅಂತಲೂ ಅನ್ನಬಹುದು. ಮೊದಲನೆಯದರಲ್ಲಿ ಆಸಾಮಿ ಬಹುಶಃ ಸೋಲೊಪ್ಪಿಕೊಂಡಿದ್ದಾನೆ. ಎರಡನೆಯದರಲ್ಲಿ ದಾರಿ ಇದ್ದರೂ ಒಪ್ಪಿಕೊಂಡಿಲ್ಲ. ಇಂಗ್ಲಿಷಿನ ವಾಕ್ಯ ಎರಡಕ್ಕೂ ಒಂದೇ!

ಪರೀಕ್ಷೆಯಲ್ಲಾದರೆ ಒಂದು ಅಂಕದ ಪ್ರಶ್ನೆ. ಆದರೆ ಮಂಜಗುಣಿಯ ದೋಣಿಗಟ್ಟೆಯಲ್ಲಿ ನಿಂತು ಯೋಚಿಸಿ. ಗಂಗಾವಳಿ ನದಿ ಕಡಲು ಸೇರುವಲ್ಲಿ ಉತ್ತರ ದಂಡೆಯ ಊರು ಇದು, ಅಂಕೋಲಾ ತಾಲೂಕು. ಇದೇ ತಾಲೂಕಿನಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದರು. ಆಮೇಲೆ ಕರನಿರಾಕರಣೆ. ಅಂಕೋಲೆ, ಸಿದ್ದಾಪುರದ ರೈತರು ಭೂಕಂದಾಯ ಕೊಡೋದಿಲ್ಲ ಅಂತ ಕೂತರು. ಸರ್ಕಾರ ಜಮೀನು ಜಪ್ತಿ ಮಾಡಿತು, ಹರಾಜಿಗೆ ಹಾಕಿತು, ಜನರನ್ನ ಜೈಲಿಗೆ ಕಳಿಸಿತು. 1937ರಲ್ಲಿ ಮುಂಬಯಿ ಪ್ರಾಂತದಲ್ಲಿ ಕಾಂಗ್ರೆಸ್ ಸರ್ಕಾರ ಬಂದ ಮೇಲೆಯೇ ಜಮೀನು ಹಿಂತಿರುಗಿಸುವ ಕೆಲಸ ಶುರುವಾದದ್ದು. (ಉತ್ತರ ಕನ್ನಡ ಆಗ ಮುಂಬಯಿಗೆ ಸೇರಿತ್ತು. 1862ಕ್ಕೆ ಮೊದಲು ಮದ್ರಾಸಿಗೆ.)

ಅಂಥ ರೈತನೊಬ್ಬನ ಬಗ್ಗೆ ಮೇಲಿನ ವಾಕ್ಯ ಬರೆದಿದ್ದರೆ? "ಮಣಿದಿರಬಹುದು" ಅಂತ ಅನುವಾದಿಸಿದವನು ಒಂದೇ ಏಟಿಗೆ ಸತ್ಯಾಗ್ರಹಿಯನ್ನ ಶರಣಾಗತ ಮಾಡಿಬಿಡ್ತಾನೆ. ಇನ್ನು 'ಗಿವ್ ಅಪ್', 'ಗಿವ್ ಇನ್' ಬೇರೆ. ಈ ರೈತರು ಹೊಲ 'ಗಿವ್ ಅಪ್' ಮಾಡಿದರು, 'ಗಿವ್ ಇನ್' ಮಾಡಲಿಲ್ಲ. ಹೊಲ ಬಿಟ್ಟುಕೊಟ್ಟರು, ಹಟ ಬಿಡಲಿಲ್ಲ. ಬಾಲದ ಒಂದು ಪುಟ್ಟ ಪದದಲ್ಲಿ ಇಡೀ ಚಳವಳಿಯೇ ಅಡಗಿದೆ ನೋಡಿ.

ಈ 'ಗಿವ್ ಅಪ್' ಎಷ್ಟು ಹಳೆಯದು ಗೊತ್ತೇ? ಇಂಗ್ಲೆಂಡಿನ ಪೀಟರ್‌ಬರೋ ಮಠದ ವೃತ್ತಾಂತದಲ್ಲಿ, 1137ರ ಹೆಸರಲ್ಲಿ ಬರೆದ ಭಾಗದಲ್ಲೇ ಅದು ಸಿಗುತ್ತೆ. ಸ್ಟೀಫನ್ ರಾಜ ಬಿಷಪ್ಪರನ್ನ ಸೆರೆಗೆ ಹಾಕಿ, ಕೋಟೆಗಳನ್ನ ಬಿಟ್ಟುಕೊಡುವವರೆಗೂ ಬಿಡಲಿಲ್ಲ ಅಂತ ಕತೆ. ಜೈಲು, ಜಪ್ತಿ, ಬಿಟ್ಟುಕೊಡು... ಎಂಟುನೂರು ವರ್ಷ ಕಳೆದರೂ ಅದೇ ಸಂಸಾರ :) ಹಳೆಯ ಇಂಗ್ಲಿಷಿನಲ್ಲಿ ಇಂಥ ತುಣುಕುಗಳು ಬಹುಪಾಲು ಕ್ರಿಯಾಪದದ ಮುಂದೆ ಅಂಟಿರುತ್ತಿದ್ದವು, ಜರ್ಮನ್ನಿನಲ್ಲಿ ಈಗಲೂ 'ಆಫ್‌ಗೇಬನ್' ಅನ್ನೋ ಹಾಗೆ. ನಿಧಾನಕ್ಕೆ ಹಿಂದಕ್ಕೆ ಜಾರಿದವು. 1755ರಲ್ಲಿ ನಿಘಂಟು ತಂದ ಸ್ಯಾಮ್ಯುಯೆಲ್ ಜಾನ್ಸನ್ನನೇ ಇವು ಪರದೇಶಿಗಳಿಗೆ ಬಲು ಕಷ್ಟ ಅಂತ ಗುರುತಿಸಿದ್ದ. 'ಫ್ರೇಸಲ್ ವರ್ಬ್' ಅನ್ನೋ ಹೆಸರು ಚಾಲ್ತಿಗೆ ಬಂದದ್ದು ಮಾತ್ರ 1925ರ ಲೋಗನ್ ಪಿಯರ್ಸಲ್ ಸ್ಮಿತ್‌ನ ಪುಸ್ತಕದಿಂದ.

'ಹ್ಯಾವ್' ಯಾಕೆ ಬೇಕಾಯಿತು? 'ಶುಡ್', 'ಕುಡ್', 'ಮೈಟ್' ಮೂಲದಲ್ಲಿ 'ಶ್ಯಾಲ್', 'ಕ್ಯಾನ್', 'ಮೇ'ಗಳ ಭೂತಕಾಲ. ಬಳಸಿ ಬಳಸಿ ಅವುಗಳ ಭೂತಕಾಲ ಸವೆದುಹೋಯಿತು. ಹಾಗಾಗಿ ಕಳೆದದ್ದನ್ನ ಹೇಳೋಕೆ 'ಹ್ಯಾವ್' ಬಂತು. ಊಹೆಗೂ ಅದೇ, ನಡೆಯದೆ ಹೋದದ್ದಕ್ಕೂ ಅದೇ.

ನಮ್ಮಲ್ಲಿ ಹಾಗಲ್ಲ. 'ಬಹುದು' ಬಂದದ್ದು 'ಬರು' ಧಾತುವಿನಿಂದ. ಹಳಗನ್ನಡದ 'ಬರ್ಪುದು' ಸವೆದು 'ಬಹುದು' ಆಯಿತು. ಭೂತಕಾಲವನ್ನ ಎಲ್ಲಿ ಇಡುತ್ತೇವೆ ಅನ್ನೋದೇ ನಮ್ಮಲ್ಲಿ ಅರ್ಥ. ಕೆಲಸದ ಮೇಲೆ ಇಟ್ಟರೆ 'ಬಿಟ್ಟುಕೊಟ್ಟಿರಬಹುದು', ಇದು ಊಹೆ. ಸಾಧ್ಯತೆಯ ಮೇಲೆ ಇಟ್ಟರೆ 'ಬಿಟ್ಟುಕೊಡಬಹುದಿತ್ತು', ಇದು ಆಗದ್ದು. 'ಕೊಟ್ಟಿರಬೇಕು', 'ಕೊಡಬೇಕಿತ್ತು' ಕೂಡ ಹಾಗೇ. ಪ್ರೋಗ್ರಾಮಿನಲ್ಲಿ ಆವರಣ ಚಿಹ್ನೆ ಎಲ್ಲಿ ಮುಚ್ಚಿದೆ ಅಂತ ನೋಡಿದ ಹಾಗೆ.

ನನಗೆ ಇದರಲ್ಲಿ ಕಿಟೆಲ್ ನೆನಪಾಗ್ತಾರೆ. ಮನೆಮಾತು ಜರ್ಮನ್, ಬರೆದದ್ದು ಇಂಗ್ಲಿಷಿನಲ್ಲಿ, ವಿಷಯ ಕನ್ನಡ. ನಿಘಂಟು 1894, ವ್ಯಾಕರಣ 1903. ಮೂರು ಭಾಷೆಯಲ್ಲೂ ಈ ತುಣುಕುಗಳು ಬೇರೆ ಬೇರೆ ಜಾಗದಲ್ಲಿ ಕೂತಿರೋದನ್ನ ನೋಡುತ್ತಾ ಕೆಲಸ ಮಾಡಿದ ಮನುಷ್ಯ.

ಅಂಕೋಲೆಯ ಹೋರಾಟದ ಬಗ್ಗೆ ಇಂಗ್ಲಿಷಿನಲ್ಲಿರೋದನ್ನ ಕನ್ನಡಕ್ಕೆ ತರುವ ಗೆಳೆಯರು 'ಮೈಟ್ ಹ್ಯಾವ್', 'ಕುಡ್ ಹ್ಯಾವ್' ಕಂಡ ಕೂಡಲೇ 'ಇರಬಹುದು' ಅಂತ ಟೈಪಿಸಬೇಡಿ. ಹಿಂದಿನ ಮುಂದಿನ ಎರಡು ವಾಕ್ಯ ಓದಿ, ಆ ಮನುಷ್ಯ ಕಂದಾಯ ಕಟ್ಟಿದನೋ ಇಲ್ಲವೋ ನೋಡಿಕೊಳ್ಳಿ.