ಯಶವಂತಪುರದ ಯಾರ್ಡಿನಿಂದ ಯುಪಿಐವರೆಗೆ

ಆನ್‌ಲೈನ್ ವ್ಯಾಪಾರದಲ್ಲಿ ಮೋಸ ಹೋದವರಿಗೆ ‘ನೀವೇ ಎಚ್ಚರವಾಗಿರಬೇಕಿತ್ತು’ ಎನ್ನುವುದು ಸುಲಭ. ಮಾರುಕಟ್ಟೆಯ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ಹಳೆಯ ಮಂಡಿಗಳಲ್ಲಿ ಟವೆಲ್ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುತ್ತಿದ್ದರು. ಪಕ್ಕದಲ್ಲೇ ನಿಂತ ರೈತನಿಗೆ ತನ್ನ ಮಾಲಿನ ಬೆಲೆ ತಿಳಿಯುತ್ತಿರಲಿಲ್ಲ. ಅವನು ಎಷ್ಟು ಎಚ್ಚರವಾಗಿದ್ದರೂ ಪ್ರಯೋಜನವಿರಲಿಲ್ಲ. ಅದನ್ನು ಬದಲಿಸಲು ಕಾನೂನೇ ಬೇಕಾಯಿತು. 1966ರ ಎಪಿಎಂಸಿ ಕಾಯ್ದೆಯಡಿ ಯಶವಂತಪುರದಂಥ ಯಾರ್ಡ್‌ಗಳಿಗೆ ಬಹಿರಂಗ ಹರಾಜು, ಪರವಾನಗಿ ಪಡೆದ ದಲಾಲರು ಮತ್ತು ತೂಕದವರು, ಲೆಕ್ಕದ ಚೀಟಿ ಬಂದವು.

ಕಾನೂನಿದ್ದರೂ ಮೋಸ ನಿಂತಿತೇ ಎಂಬ ಆಕ್ಷೇಪ ನ್ಯಾಯವಾದದ್ದೇ. ಪೂರ್ತಿ ನಿಲ್ಲಲಿಲ್ಲ, ಆದರೆ ಚೀಟಿ ಹಿಡಿದವನಿಗೆ ದೂರು ಕೊಡಲು ಆಧಾರ, ಹೋಗಿ ಕೇಳಲು ಒಂದು ಕಚೇರಿ ಸಿಕ್ಕಿತು. ಇಂದಿನ ಯುಪಿಐ ಪಾವತಿಗೂ ಇದೇ ಮಾತು ಸಲ್ಲುತ್ತದೆ. ಇಲ್ಲೂ ದೂರು ಕೊಡಲು ಕಚೇರಿಯಿದೆ: ದೇಶದ ಮೊದಲ ಸೈಬರ್ ಅಪರಾಧ ಠಾಣೆ 2001ರಲ್ಲಿ ತೆರೆದದ್ದು ಬೆಂಗಳೂರಿನಲ್ಲೇ. ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಹೊರಗಿನವರು ಖಾತೆಯ ಹಣ ಲಪಟಾಯಿಸಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದ ಗ್ರಾಹಕರಿಗೆ ನಷ್ಟದ ಹೊಣೆಯಿಲ್ಲ ಎಂದು 2017ರಲ್ಲಿ ರಿಸರ್ವ್ ಬ್ಯಾಂಕ್ ನಿಯಮ ಮಾಡಿತು. ತಾವೇ ಪಿನ್ ಕೊಟ್ಟು ಮೋಸಹೋದವರಿಗೆ ಈ ರಕ್ಷಣೆ ಎಟುಕುವುದಿಲ್ಲ. ಆದ್ದರಿಂದ ಹಣ ಪಡೆಯಲು ಪಿನ್ ಬೇಕಿಲ್ಲ ಎಂಬ ಅರಿವು, ಜೋಪಾನವಾಗಿಟ್ಟ ರಸೀದಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ, ಇವು ನಮ್ಮ ಪಾಲಿನ ಕೆಲಸ. ಮಾರುವವರನ್ನೂ ಹಣ ಸಾಗಿಸುವವರನ್ನೂ ಲೆಕ್ಕಕ್ಕೆ ಕಟ್ಟಿಹಾಕುವುದು ಸರ್ಕಾರದ ಕೆಲಸ. ಒಂದು ಇನ್ನೊಂದಕ್ಕೆ ಬದಲಿಯಾಗದು.