ಗಿಂಡಿಯ ದೀಪ

ಕಾರಿನ ಕೀಲಿಯನ್ನು ತಿರುಗಿಸಿದೊಡನೆ ಚಾಲಕನ ಎದುರಿನ ಹಲಗೆಯಲ್ಲಿ ಕೆಂಪು, ಹಳದಿ ಚಿತ್ರಗಳ ಸಾಲೊಂದು ಮೂಡಿ, ಎಂಜಿನ್ ಹೊರಟ ಕೆಲವು ಕ್ಷಣಗಳಲ್ಲಿ ಅಡಗಿಹೋಗುವುದನ್ನು ಎಲ್ಲರೂ ನೋಡಿರುತ್ತಾರೆ, ಓದಿದವರು ಕಡಿಮೆ. ಬಳ್ಳಾರಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಈ ಗೊಡವೆ ಏಕೆಂದು ಯಾರಾದರೂ ಕೇಳಬಹುದು. ಅದೂ ಒಂದು ಲಿಪಿಯಾಗಿದೆಯಷ್ಟೆ. ಲಿಪಿ ಎಂದ ಮೇಲೆ ಅದಕ್ಕೊಂದು ಚರಿತ್ರೆಯೂ ಇರಲೇಬೇಕು.

ಡ್ಯಾಶ್‌ಬೋರ್ಡ್ ಎಂಬ ಹೆಸರು ಕಾರಿಗಿಂತ ಹಳೆಯದು. ಕುದುರೆಯ ಗೊರಸು ಚಿಮ್ಮಿಸುವ ಕೆಸರು ಗಾಡಿಯವನ ಮೈಮೇಲೆ ಬೀಳದಂತೆ ಮುಂದೆ ಕಟ್ಟುತ್ತಿದ್ದ ಹಲಗೆಗೆ ಆ ಹೆಸರಿತ್ತು. ಮಳೆಗಾಲದಲ್ಲಿ ನಮ್ಮ ಎರೆನೆಲದ ದಾರಿಗಳಲ್ಲಿ ಗಾಡಿ ಹೊಡೆದವರಿಗೆ ಅಂಥ ಹಲಗೆಯ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಕುದುರೆ ಹೋಯಿತು, ಹಲಗೆ ಉಳಿಯಿತು. ಅದರ ಮೇಲೆ ಅಳತೆಯ ಮುಳ್ಳುಗಳು ಬಂದು ಕುಳಿತವು. 1910ರ ದಶಕದ ಅಮೆರಿಕದಲ್ಲಿ ರೇಡಿಯೇಟರಿನ ಮುಚ್ಚಳದ ಮೇಲೆಯೇ ಬಾಯ್ಸ್ ಮೋಟೋಮೀಟರ್ ಎಂಬ ಉಷ್ಣಮಾಪಕವನ್ನು ನಿಲ್ಲಿಸುತ್ತಿದ್ದರು. ಚಾಲಕ ಕುಳಿತಲ್ಲಿಂದಲೇ ಅದನ್ನು ದಿಟ್ಟಿಸುತ್ತ ಓಡಿಸಬೇಕಿತ್ತು.

ಮುಳ್ಳಿನ ಗುಣವೆಂದರೆ ಅದು ಕೇಡು ಬರುವ ಮೊದಲೇ ಮೆಲ್ಲಗೆ ವಾಲಿ ತೋರಿಸುತ್ತದೆ. 1930ರ ದಶಕದಲ್ಲಿ ಹಡ್ಸನ್ ಎಂಬ ಅಮೆರಿಕದ ಕಂಪನಿ ಎಣ್ಣೆಯ ಒತ್ತಡ ಹಾಗೂ ವಿದ್ಯುತ್ತನ್ನು ತೋರುವ ಮುಳ್ಳುಗಳನ್ನು ತೆಗೆದು, ಆ ಜಾಗದಲ್ಲಿ ಪುಟ್ಟ ದೀಪಗಳನ್ನಿಟ್ಟಿತು. ಮುಳ್ಳನ್ನು ಓದಲಾರದವರಿಗೆಂದೇ ಮಾಡಿದ್ದು ಎಂಬ ಕುಹಕದಿಂದ ಅಲ್ಲಿನ ಜನ ಮುಂದೆ ಇಂಥವನ್ನು ‘ದಡ್ಡರ ದೀಪ’ ಎಂದು ಕರೆದರು. ಆ ಹೆಸರು ಅನ್ಯಾಯದ್ದೆಂದು ನನ್ನ ಎಣಿಕೆ. ದಡ್ಡತನವೇನಿದ್ದರೂ ಕೆಟ್ಟ ಮೇಲೆ ಬಾಯಿಬಿಡುವ ದೀಪದ್ದು.

ಬಣ್ಣಗಳ ಭಾಷೆ ಕಾರಿಗಿಂತ ಮುಂಚೆ ರೈಲಿನದು. 19ನೆಯ ಶತಮಾನದ ಇಂಗ್ಲೆಂಡಿನಲ್ಲಿ ಕೆಂಪು ದೀಪ ಅಪಾಯಕ್ಕೆ, ಹಸಿರು ಎಚ್ಚರಿಕೆಗೆ, ಬಿಳಿ ‘ಹೋಗು’ ಎನ್ನುವುದಕ್ಕೆ ಮೀಸಲಾಗಿತ್ತು. ಕೆಂಪು ಗಾಜು ಒಡೆದು ಬಿದ್ದರೆ ಒಳಗಿನ ದೀಪ ಬೆಳ್ಳಗೆ ಕಂಡು, ‘ನಿಲ್ಲು’ ಎಂಬುದೇ ‘ಹೋಗು’ ಎಂದಾಗಿಬಿಡುತ್ತಿತ್ತು. ಅದಕ್ಕಾಗಿಯೇ ಬಿಳಿಯನ್ನು ಕೈಬಿಟ್ಟು ಹಸಿರಿಗೆ ‘ಹೋಗು’ ಎಂಬ ಅರ್ಥವನ್ನು ಕೊಟ್ಟರು. ಎಚ್ಚರಿಕೆಗೆ ಹಳದಿ ಬಂದದ್ದು ಆಮೇಲೆ. ಕಾರಿನಲ್ಲಿಯೂ ಕೆಂಪೆಂದರೆ ಕೂಡಲೇ ನಿಲ್ಲು. ಹಳದಿಯೆಂದರೆ ಬೇಗನೆ ತೋರಿಸು. ಹಸಿರು, ನೀಲಿ ಬರಿಯ ವರ್ತಮಾನ. ಕೀಲಿ ತಿರುಗಿಸಿದಾಗ ಎಲ್ಲವೂ ಒಮ್ಮೆ ಬೆಳಗುವುದಕ್ಕೂ ಆ ಒಡೆದ ಗಾಜಿನ ಪಾಠವೇ ಅರ್ಥ ಹೇಳುತ್ತದೆ: ಆಗ ಬೆಳಗದ ದೀಪ ಕೆಟ್ಟ ದೀಪ, ಅದರ ಮೌನವನ್ನು ನಂಬಬಾರದು.

ಮೊದಮೊದಲು ದೀಪದ ಮೇಲೆ ‘ಆಯಿಲ್’, ‘ಟೆಂಪ್’ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತಿದ್ದುದುಂಟು. ಕಾರುಗಳು ದೇಶದೇಶಗಳನ್ನು ಸುತ್ತತೊಡಗಿದ ಮೇಲೆ ಅದು ಸಾಲದಾಯಿತು. 1970ರ ದಶಕದಲ್ಲಿ ಅಂತರರಾಷ್ಟ್ರೀಯ ಮಾನಕ ಸಂಸ್ಥೆ ತನ್ನ 2575ನೆಯ ಮಾನಕದಲ್ಲಿ ಚಿತ್ರಗಳನ್ನು ಗೊತ್ತುಮಾಡಿತು. ಭಾಷೆ ಬೇಡ, ಕಣ್ಣಿದ್ದರೆ ಸಾಕು ಎಂಬುದು ಇದರ ಆಶಯ. ಆಶಯವೇನೋ ಒಳ್ಳೆಯದೇ, ಆದರೆ ಚಿತ್ರ ಬರೆದವನ ಕಣ್ಣ ಮುಂದೆಯೂ ಅವನದೇ ಊರಿನ ವಸ್ತುಗಳು ಇರುತ್ತವಷ್ಟೆ!

ಸಿರುಗುಪ್ಪದಲ್ಲಿ ಭತ್ತ ಬೆಳೆಯುವ ನನ್ನ ಚಿಕ್ಕಪ್ಪನವರು ಕೆಲವು ವರ್ಷಗಳ ಹಿಂದೆ ಒಂದು ಹಳೆಯ ಡೀಸೆಲ್ ಕಾರನ್ನು ಕೊಂಡಿದ್ದರು. ಬೇಸಗೆಯ ಒಂದು ದಿನ ಮನೆಮಂದಿಯನ್ನು ಕೂಡಿಸಿಕೊಂಡು ಕುರುಗೋಡಿನ ದೊಡ್ಡಬಸವೇಶ್ವರನ ದರ್ಶನಕ್ಕೆ ಹೊರಟಾಗ, ನಡುದಾರಿಯಲ್ಲಿ ಕೆಂಪು ದೀಪವೊಂದು ಹೊತ್ತಿಕೊಂಡಿತು. ಅದರಲ್ಲಿ ಕಂಡದ್ದು ಸೊಂಡಿಲಿನ ತುದಿಯಲ್ಲಿ ಒಂದು ಹನಿ ತೂಗುವ ಗಿಂಡಿ. ಗಿಂಡಿ ಎಂದರೆ ನಮ್ಮಲ್ಲಿ ನೀರು. ಚಿಕ್ಕಪ್ಪ ಕಾರು ನಿಲ್ಲಿಸಿ, ಎಂಜಿನ್ ಆರುವವರೆಗೆ ಕಾದು, ರೇಡಿಯೇಟರಿನ ತುಂಬ ನೀರು ಹೊಯ್ದು, ಕರ್ತವ್ಯ ಮುಗಿಯಿತೆಂದು ಮುಂದೆ ಹೊರಟರು. ಪಾಶ್ಚಾತ್ಯ ಮೆಕ್ಯಾನಿಕನ ಉದ್ದ ಮೂತಿಯ ಎಣ್ಣೆಯ ಡಬ್ಬಿ ಅದು ಎಂದು ಅವರಿಗೆ ತಿಳಿಯುವ ಬಗೆ ಹೇಗೆ? ತಳದ ಬಿರಡೆ ಸಡಿಲಾಗಿ ಎಣ್ಣೆ ದಾರಿಯುದ್ದಕ್ಕೂ ಸೋರಿಹೋಗಿತ್ತು. ತಿರುಗುವ ಲೋಹಗಳ ನಡುವೆ ಎಣ್ಣೆಯ ತೆಳುಪೊರೆಯೊಂದನ್ನು ಒತ್ತಡವೇ ಹಿಡಿದು ನಿಲ್ಲಿಸಿರುತ್ತದೆ. ಅದು ಇಲ್ಲವಾದರೆ ಲೋಹ ಲೋಹವನ್ನು ತಿನ್ನಲು ಕೆಲವೇ ನಿಮಿಷ ಸಾಕು. ಕುರುಗೋಡು ಕಣ್ಣಿಗೆ ಬೀಳುವ ಮೊದಲೇ ಎಂಜಿನ್ ಸೀಜ್ ಆಯಿತು.

“ಗಾಡಿ ಎಣ್ಣಿ ಕೇಳ್ತು, ನೀವು ನೀರು ಕುಡಿಸಿದ್ರಿ ಗೌಡ್ರೇ” ಎಂದರು ಕುರುಗೋಡಿನ ಮೇಸ್ತ್ರಿ. ನೀರಿನದು ಬೇರೆಯೇ ಚಿತ್ರ, ಅಲೆಗಳ ಮೇಲೆ ನಿಂತ ಉಷ್ಣಮಾಪಕ. ಆ ವರ್ಷದ ಭತ್ತದ ಹಣದಲ್ಲಿ ಅರ್ಧದಷ್ಟು ದುರಸ್ತಿಗೆ ಹೋಯಿತು. ಚಿಕ್ಕಮ್ಮನ ಬಳೆಗಳ ಮಾತು ಮುಂದಕ್ಕೆ ಬಿತ್ತು.

ಅದೇ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರಿನಲ್ಲಿ ಅಶೋಕನ ಶಾಸನವಿದೆ. ಪ್ರಜೆಗಳು ತಿಳಿಯಲೆಂದೇ ಬಂಡೆಯ ಮೇಲೆ ಕೊರೆಸಿದ್ದು. ಆದರೆ ಬ್ರಾಹ್ಮೀಲಿಪಿಯ ಓದು ಮರೆತುಹೋಗಿ, 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಅದನ್ನು ಬಿಡಿಸುವವರೆಗೆ ಅಶೋಕನ ಬಂಡೆಗಳೆಲ್ಲ ಮೂಕವಾಗಿದ್ದವು. ಬರೆದವನು ಸ್ಪಷ್ಟವಾಗಿ ಬರೆದರಷ್ಟೇ ಸಾಲದು, ಓದನ್ನು ಕಲಿಸುವವರೂ ಬೇಕು. ಕಾರಿನೊಡನೆ ಬರುವ ಕೈಪಿಡಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಹಳೆಯ ಕಾರಿನೊಡನೆ ಅದೂ ಬರುವುದಿಲ್ಲ.

ಉಳಿದ ಚಿತ್ರಗಳೂ ಹೀಗೆಯೇ. ಡೀಸೆಲ್ ಕಾರಿನ ಹಳದಿ ಸುರುಳಿಯನ್ನು ನಮ್ಮ ಮನೆಯ ಮಕ್ಕಳು ಜಿಲೇಬಿ ಎನ್ನುತ್ತಾರೆ. ಎಂಜಿನ್ನಿನ ಒಳಗನ್ನು ಕಾಯಿಸುವ ತಂತಿ ಅದು, ಆರಿದ ಮೇಲೆ ಕಾರು ಹೊರಡಿಸಬೇಕು. ಬಳ್ಳಾರಿಯ ಬಿಸಿಲಿಗೆ ಅದು ಕಂಡಷ್ಟೇ ಬೇಗ ಮಾಯವಾಗುತ್ತದೆ. ಟೈರಿನ ಗಾಳಿ ಇಳಿದರೆ ಬಾಯ್ತೆರೆದ ಹಂಡೆಯೊಳಗೆ ಒಂದು ಆಶ್ಚರ್ಯಸೂಚಕ ಚಿಹ್ನೆ. ನಾನು ತರಗತಿಯಲ್ಲಿ ಆಶ್ಚರ್ಯಕ್ಕೆಂದು ಕಲಿಸುವ ಚಿಹ್ನೆ ಇಲ್ಲಿ ಭಯಕ್ಕೆ ನಿಂತಿದೆ.

ಎಂಜಿನ್ನಿನದೇ ಆಕಾರದ ಹಳದಿ ದೀಪ ಈ ಸಾಲಿಗೆ ತಡವಾಗಿ ಬಂತು. ಹೊಗೆಯನ್ನು ಹತೋಟಿಯಲ್ಲಿಡಲೆಂದು ಕ್ಯಾಲಿಫೋರ್ನಿಯ 1988ರಲ್ಲಿ, ಇನ್ನೂ ವಿಸ್ತಾರವಾದ ರೂಪದಲ್ಲಿ ಇಡೀ ಅಮೆರಿಕ 1996ರಲ್ಲಿ, ಕಾರು ತನ್ನ ದೋಷವನ್ನು ತಾನೇ ಪರೀಕ್ಷಿಸಿಕೊಳ್ಳುವ ಏರ್ಪಾಡನ್ನು ಕಡ್ಡಾಯಮಾಡಿದವು. ನಮ್ಮಲ್ಲಿ 2010ರಿಂದ ಹಂತಹಂತವಾಗಿ ಬಂದಿತು. ದೀಪ ಮಿನುಗಿದರೆ ಎಂಜಿನ್ನಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲವೆಂದು ತಿಳಿದು ಹೆಚ್ಚು ಓಡಿಸಬಾರದು. ಸ್ಥಿರವಾಗಿದ್ದರೆ ಅಷ್ಟು ಆತುರವಿಲ್ಲ. ಆದರೆ ಏನು ಕೆಟ್ಟಿದೆಯೆಂದು ಈ ದೀಪ ಹೇಳುವುದಿಲ್ಲ. ಅದಕ್ಕೆ ಒಂದು ಯಂತ್ರವನ್ನು ಸಿಕ್ಕಿಸಿ, ಒಂದಕ್ಷರದ ಮುಂದಿನ ಸಂಖ್ಯೆಯನ್ನು ಓದಬೇಕು. ಕುರುಗೋಡಿನ ಮೇಸ್ತ್ರಿಯೂ ಅಂಥದೊಂದನ್ನು ಕೊಂಡಿದ್ದಾರೆ. ತೋರಿಬಂದ ಸಂಖ್ಯೆಗಳನ್ನು ಒಂದು ನೋಟುಬುಕ್ಕಿನಲ್ಲಿ ಇಳಿಸಿ, ಎದುರಿಗೆ ಕನ್ನಡದಲ್ಲಿ ಅರ್ಥ ಬರೆದಿಟ್ಟುಕೊಳ್ಳುತ್ತಾರೆ. ಈವರೆಗೆ ಹನ್ನೊಂದು ಪುಟ ತುಂಬಿದೆ.