ಬೀನ್ ಎಂಬ ಹೆಸರಿನ ಜಾಡು

ಮೆಂಫಿಸ್‌ನ ಗ್ರೇಸ್‌ಲ್ಯಾಂಡ್‌ನಲ್ಲಿರುವ ಸಮಾಧಿಯ ಮೇಲೆ ಎಲ್ವಿಸ್ ಪ್ರೀಸ್ಲಿಯ ನಡುಹೆಸರನ್ನು ಎರಡು 'ಎ' ಹಾಕಿ ಕೆತ್ತಿದ್ದಾರೆ. ಅವನ ಅಪ್ಪ ಅಮ್ಮ ಇಟ್ಟ ಹೆಸರಿನಲ್ಲಿ ಇದ್ದದ್ದು ಒಂದೇ 'ಎ'. ಕನ್ನಡ ಲಿಪಿಯಲ್ಲಿ ಎರಡನ್ನೂ 'ಏರನ್' ಎಂದು ಬರೆದು ಮುಂದೆ ಹೋಗಬಹುದು. ಇಂಗ್ಲಿಷಿನಲ್ಲಿ ಮಾತ್ರ ಈ ಒಂದು ಅಕ್ಷರದಿಂದ ದೊಡ್ಡ ಕಥೆಯೇ ಹುಟ್ಟಿಕೊಂಡಿತು. 1977ರ ಆಗಸ್ಟ್ 16ರಂದು ಎಲ್ವಿಸ್ ಸತ್ತೇ ಇಲ್ಲ, ಅದಕ್ಕಾಗಿಯೇ ಬೇಕೆಂದು ತಪ್ಪು ಹೆಸರು ಕೆತ್ತಿಸಿದ್ದಾರೆ ಎಂದು ನಂಬಿದವರು ಬಹಳ ಜನ. ಗ್ರೇಸ್‌ಲ್ಯಾಂಡಿನವರು ಕೊಡುವ ವಿವರಣೆ ಸರಳ. ಅವಳಿ ಮಕ್ಕಳಲ್ಲಿ ಒಂದಕ್ಕೆ ಗ್ಯಾರನ್, ಇನ್ನೊಂದಕ್ಕೆ ಪ್ರಾಸ ಕೂಡುವಂತೆ ಏರನ್. ಮುಂದೆ ಎಲ್ವಿಸ್ ಬೈಬಲ್ಲಿನಲ್ಲಿರುವಂತೆ ಎರಡು 'ಎ' ಮಾಡಿಸಿಕೊಳ್ಳಲು ಹೊರಟಾಗ, ಸರ್ಕಾರಿ ದಾಖಲೆಯಲ್ಲಿ ಮೊದಲಿನಿಂದಲೂ ಎರಡೇ ಇದ್ದದ್ದು ಗೊತ್ತಾಯಿತು. ಅಪ್ಪ ವರ್ನನ್ ಸಮಾಧಿಗೆ ಆರಿಸಿದ್ದೂ ಅದನ್ನೇ.

ಇದನ್ನು ಓದಿದ ದಿನವೇ ಟುಪೆಲೊಗೆ ಹೋಗಬೇಕೆನ್ನಿಸಿತು. ಹೈಸ್ಕೂಲಿನಲ್ಲಿ ಟೇಪು ಸವೆಯುವಷ್ಟು ಕೇಳಿದ ಗಾಯಕನ ಹುಟ್ಟೂರು ಎಂಬ ಆಸೆ ಒಂದು ಕಡೆ. ಇನ್ನೊಂದು ಕಡೆ, ನನ್ನ ನೋಟ್‌ಬುಕ್ಕಿನಲ್ಲಿ ಬಹಳ ದಿನದಿಂದ ಬಗೆಹರಿಯದೆ ಕುಳಿತಿದ್ದ ಒಂದು ಸಣ್ಣ ಪ್ರಶ್ನೆ: ಹತ್ತು ವರ್ಷದ ಹುಡುಗ ಊರ ಜಾತ್ರೆಯ ಹಾಡಿನ ಸ್ಪರ್ಧೆಯಲ್ಲಿ ಗೆದ್ದದ್ದು ಎರಡನೆಯ ಸ್ಥಾನವೋ, ಐದನೆಯದೋ?

ಮೆಂಫಿಸ್‌ನಿಂದ ಟುಪೆಲೊ ಸುಮಾರು 170 ಕಿಲೋಮೀಟರ್. ಬೆಳಿಗ್ಗೆ ಗೆಳೆಯನ ಕಾರಿನಲ್ಲಿ ಹೊರಟು ತಿಂಡಿಯ ಹೊತ್ತಿಗೆ ಎಲ್ವಿಸ್ ಹುಟ್ಟಿದ ಮನೆಯ ಮುಂದಿದ್ದೆವು. ಬಿಳಿ ಬಣ್ಣದ ಮರದ ಮನೆ, ಒಂದರ ಹಿಂದೆ ಒಂದು ಎರಡೇ ಕೋಣೆ. ಮುಂಬಾಗಿಲಲ್ಲಿ ನಿಂತರೆ ಹಿಂಬಾಗಿಲು ಕಾಣುತ್ತದೆ. 1935ರ ಜನವರಿ 8ರ ನಸುಕಿನಲ್ಲಿ ಎಲ್ವಿಸ್ ಹುಟ್ಟಿದ್ದು ಮುಂದಿನ ಕೋಣೆಯಲ್ಲಿ. ಅದಕ್ಕೆ ಸ್ವಲ್ಪ ಮೊದಲು ಹುಟ್ಟಿದ ಅಣ್ಣನಿಗೆ ಜೀವವಿರಲಿಲ್ಲ. ಈಗ ಅಲ್ಲಿರುವ ಮಂಚ ಆ ಕಾಲದ್ದು, ಆ ಕುಟುಂಬದ್ದಲ್ಲ. ಅದನ್ನು ತಿಳಿದ ಮೇಲೂ ಜನ ಮಂಚದ ಮುಂದೆ ದನಿ ತಗ್ಗಿಸುತ್ತಾರೆ, ನಾನೂ ತಗ್ಗಿಸಿದೆ.

ಮನೆಯ ಬಗ್ಗೆ ಗಟ್ಟಿಯಾಗಿ ಹೇಳಬಹುದಾದದ್ದು ಸಾಲದ ಲೆಕ್ಕ. ವರ್ನನ್ ತನ್ನ ಅಪ್ಪ ಮತ್ತು ಅಣ್ಣನ ಜೊತೆ ಸೇರಿ ಇದನ್ನು ಕಟ್ಟಿದ, ಬೇಕಾದ 180 ಡಾಲರನ್ನು ಆರ್ವಿಲ್ ಬೀನ್ ಎಂಬ ಜಮೀನುದಾರನಿಂದ ತಂದ. ಅವನ ಹೈನು ಹೊಲದಲ್ಲೇ ವರ್ನನ್‌ಗೆ ಕೂಲಿ. ಬಡವರ ಚರಿತ್ರೆ ಹುಡುಕುವಾಗ ಮತ್ತೆ ಮತ್ತೆ ಎದುರಾಗುವ ಸಂಗತಿ ಇದು: ಅವರೇ ಬರೆದಿಟ್ಟದ್ದು ಇರುವುದಿಲ್ಲ, ಅವರಿಂದ ಏನೋ ಬರಬೇಕಾಗಿದ್ದವರು ಬರೆದಿಟ್ಟದ್ದು ಇರುತ್ತದೆ.

ಆ ಬರಹಕ್ಕೂ ಸಿಗದವರಿದ್ದರು. 1936ರ ಏಪ್ರಿಲ್ 5ರ ರಾತ್ರಿ ಸುಂಟರಗಾಳಿ ಟುಪೆಲೊವನ್ನು ಹೊಡೆದು ಹಾಕಿತು. ಈ ಪುಟ್ಟ ಮನೆ ಉಳಿಯಿತು. ಸತ್ತವರ ಸಂಖ್ಯೆ 216 ಎಂದು ಎಲ್ಲ ಕಡೆ ಬರೆಯುತ್ತಾರೆ. ಕಪ್ಪು ಜನರ ಕೇರಿಗಳಲ್ಲಿ ಸತ್ತವರು, ಗಾಯಗೊಂಡವರು ಅಂದಿನ ಲೆಕ್ಕಕ್ಕೆ ಪೂರ್ತಿ ಬರಲಿಲ್ಲವಾದ್ದರಿಂದ ಆ ಅಂಕಿ ಕಡಿಮೆಯೆಂದೇ ಎಣಿಕೆ. ಮುಂದೆ ಪ್ರೀಸ್ಲಿ ಕುಟುಂಬ ಶೇಕ್ ರ್‍ಯಾಗ್ ಎಂಬ ಅಂಥದೇ ಕೇರಿಯ ಮಗ್ಗುಲಲ್ಲಿ ಬಾಡಿಗೆಗಿತ್ತು. ಎಲ್ವಿಸ್‌ನ ದನಿಯಲ್ಲಿ ಬ್ಲೂಸ್ ಎಲ್ಲಿಂದ ಬಂತೆಂದು ಹುಡುಕುವವರು ಹೋಗಿ ನಿಲ್ಲುವುದು ಅಲ್ಲೇ. ಅಲ್ಲಿ ಹಾಡುತ್ತಿದ್ದವರಲ್ಲಿ ಹೆಸರು ಉಳಿದವರು ಕೆಲವರೇ. ಆ ನಷ್ಟದ ಮುಂದೆ ನನ್ನ ಎರಡು-ಐದರ ಪ್ರಶ್ನೆ ಎಷ್ಟು ಚಿಕ್ಕದೆಂದು ನನಗೆ ಗೊತ್ತು.

ಮುಂದಿನ ದಾಖಲೆ ಕೋರ್ಟಿನದು. 1937ರ ನವೆಂಬರಿನಲ್ಲಿ ವರ್ನನ್, ಅವನ ಹೆಂಡತಿಯ ತಮ್ಮ ಮತ್ತು ಇನ್ನೊಬ್ಬನ ಮೇಲೆ ನಕಲಿ ಚೆಕ್ಕಿನ ಆರೋಪ ಬಂತು. ಹಂದಿಯೊಂದನ್ನು ಮಾರಿದ್ದಕ್ಕೆ ಬಂದ 4 ಡಾಲರ್ ಚೆಕ್ಕು ಅದು, ಕೊಟ್ಟವನು ಅದೇ ಬೀನ್. ತಿದ್ದಿ ಎಷ್ಟು ಮಾಡಿದರು? 14 ಎನ್ನುತ್ತಾರೆ ಕೆಲವರು, 40 ಎನ್ನುತ್ತಾರೆ ಕೆಲವರು. ನಾಲ್ಕರ ಹಿಂದೆ ಒಂದು ಹಾಕಿದರೆ ಹದಿನಾಲ್ಕು, ಮುಂದೆ ಸೊನ್ನೆ ಹಾಕಿದರೆ ನಲವತ್ತು. ಎರಡೂ ಕೈಗೆ ಸುಲಭ, ಆದ್ದರಿಂದ ತರ್ಕ ಇಲ್ಲಿ ನೆರವಿಗೆ ಬರುವುದಿಲ್ಲ. ಶಿಕ್ಷೆಯ ವಿಷಯದಲ್ಲಿ ಮಾತ್ರ ಗೊಂದಲವಿಲ್ಲ. 1938ರ ಮೇ ತಿಂಗಳಲ್ಲಿ ಮೂರು ವರ್ಷದ ಸಜೆ, ಪಾರ್ಚ್‌ಮನ್ ಜೈಲು, ಊರವರು ಮನವಿ ಕೊಟ್ಟ ಮೇಲೆ 1939ರ ಫೆಬ್ರವರಿಯಲ್ಲಿ ಬಿಡುಗಡೆ. ಅಷ್ಟರಲ್ಲಿ ಈ ಮನೆ ಕೈಬಿಟ್ಟಿತ್ತು. ಎಲ್ವಿಸ್‌ಗೆ ಆಗ ಮೂರು ನಾಲ್ಕು ವರ್ಷ.

ಮಧ್ಯಾಹ್ನ ಮೇನ್ ಸ್ಟ್ರೀಟಿನ ಟುಪೆಲೊ ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಮೊಳೆ, ಸುತ್ತಿಗೆ, ಹಗ್ಗ ಮಾರುವ ಅಂಗಡಿ. ಎಲ್ವಿಸ್‌ನ ಮೊದಲ ಗಿಟಾರು ಕೊಂಡದ್ದು ಇಲ್ಲಿಂದ. ಅವನು ನಿಂತಿದ್ದ ಜಾಗವೆಂದು ನೆಲದ ಮೇಲೆ ಗುರುತು ಹಾಕಿದ್ದಾರೆ. ಗುರುತಿಗೆ ಆಧಾರ, ಅಂದು ಕೌಂಟರಿನ ಹಿಂದಿದ್ದ ಫಾರೆಸ್ಟ್ ಬೋಬೊ 1979ರಲ್ಲಿ ಬರೆದ ಪತ್ರ. ಹುಡುಗನಿಗೆ ಬೇಕಾಗಿದ್ದದ್ದು ರೈಫಲ್, ಅಮ್ಮ ಗ್ಲ್ಯಾಡಿಸ್ ಗಿಟಾರಿಗೆ ಒಪ್ಪಿಸಿದಳು, ಬೆಲೆ 7 ಡಾಲರ್ 75 ಸೆಂಟ್, ಮೇಲೆ ಶೇಕಡಾ 2 ತೆರಿಗೆ ಎಂದು ಅದರಲ್ಲಿದೆ. ಬೇರೆಯವರ ಕಥೆಯಲ್ಲಿ ರೈಫಲ್ ಬದಲು ಸೈಕಲ್ ಬರುತ್ತದೆ.

ಬೋಬೊ ಬರೆದದ್ದು ಮೂವತ್ತಮೂರು ವರ್ಷದ ನಂತರ, ಅದೂ ಎಲ್ವಿಸ್ ತೀರಿಹೋಗಿ ಎರಡು ವರ್ಷವಾದ ಮೇಲೆ. ನೆನಪಿಗೆ ಬಣ್ಣ ಬಳಿಯಲು ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಆದರೂ ಆ ಶೇಕಡಾ 2 ನನ್ನನ್ನು ತಡೆದು ನಿಲ್ಲಿಸಿತು. ಮಿಸಿಸಿಪಿ ರಾಜ್ಯ ಮಾರಾಟ ತೆರಿಗೆ ಹಾಕಿದ್ದು 1932ರಲ್ಲಿ, ದರ ಶೇಕಡಾ 2. ಕಥೆ ಕಟ್ಟುವವನು ತೆರಿಗೆಯನ್ನು ಯಾಕೆ ಸೇರಿಸುತ್ತಾನೆ? ಹದಿನೈದು ಸೆಂಟಿನ ಆ ತೆರಿಗೆ ನೆನಪಿರುವುದು ದಿನವಿಡೀ ಗಲ್ಲಾದ ಮುಂದೆ ನಿಂತವನಿಗೆ. ಬೆಲೆಯ ವಿಷಯದಲ್ಲಿ ಬೋಬೊನನ್ನು ನಂಬುತ್ತೇನೆ. ರೈಫಲ್ಲೋ ಸೈಕಲ್ಲೋ ಎಂಬ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಯನ್ನು ಹಾಗೇ ಬಿಟ್ಟಿದ್ದೇನೆ. ಗಿಟಾರು ಬಂದದ್ದು ಹನ್ನೊಂದನೆಯ ಹುಟ್ಟುಹಬ್ಬದ ಹೊತ್ತಿಗೆ, 1946ರ ಜನವರಿಯಲ್ಲಿ ಎಂಬುದು ರೂಢಿಯ ಮಾತು. ಜಾತ್ರೆ ಅದಕ್ಕೆ ಮೂರು ತಿಂಗಳು ಮೊದಲು.

1945ರ ಅಕ್ಟೋಬರ್ 3, ಮಿಸಿಸಿಪಿ-ಅಲಬಾಮಾ ಜಾತ್ರೆಯಲ್ಲಿ ಮಕ್ಕಳ ದಿನ. ಎಲ್ವಿಸ್ ಕುರ್ಚಿಯ ಮೇಲೆ ನಿಂತು, ನಾಯಿಯೊಂದರ ಕಥೆಯ 'ಓಲ್ಡ್ ಶೆಪ್' ಹಾಡಿದ. ಎರಡನೆಯ ಸ್ಥಾನ ಎಂದು ಬರೆದ ಪುಸ್ತಕಗಳು ಸಾಲುಸಾಲಾಗಿವೆ, ಒಂದನ್ನು ನೋಡಿ ಇನ್ನೊಂದು ಬರೆದಂತೆ. ಎಲ್ವಿಸ್ ಸ್ವತಃ 1972ರ ಸಂದರ್ಶನದಲ್ಲಿ ಹೇಳಿದ್ದು ಬೇರೆ: ತಾನು ಕನ್ನಡಕ ಹಾಕಿದ್ದೆ, ವಾದ್ಯವಿರಲಿಲ್ಲ, ಬಂದದ್ದು ಐದನೆಯ ಸ್ಥಾನವೆಂದು ತೋರುತ್ತದೆ, ಅದೇ ದಿನ ಅಮ್ಮನಿಂದ ಏಟೂ ತಿಂದೆ. 'ತೋರುತ್ತದೆ' ಎಂಬ ಅಳುಕನ್ನು ಸೇರಿಸಿದ್ದೂ ಅವನೇ.

ಇವೆರಡನ್ನು ತೂಗುವುದು ಹೇಗೆ? ಆ ದಿನದ ಫೋಟೋ ಒಂದಿದೆ, ಜಾತ್ರೆಯ ಮಕ್ಕಳ ಸಾಲಿನಲ್ಲಿ ಎಲ್ವಿಸ್ ಕನ್ನಡಕ ಹಾಕಿ ನಿಂತಿದ್ದಾನೆ. ಫೋಟೋ ಸ್ಥಾನವನ್ನು ಹೇಳುವುದಿಲ್ಲ. ಆದರೆ ಇಪ್ಪತ್ತೇಳು ವರ್ಷದ ಹಿಂದಿನ ಕನ್ನಡಕ ನೆನಪಿದ್ದವನ ಮಾತಿಗೆ ತೂಕ ಹೆಚ್ಚಿಸುತ್ತದೆ. ವಾದ್ಯವಿರಲಿಲ್ಲ ಎಂಬುದು ಗಿಟಾರಿನ ತಾರೀಖಿಗೂ ಹೊಂದುತ್ತದೆ. ಮೇಲಾಗಿ, ಜಗತ್ತೇ ತಲೆಯ ಮೇಲೆ ಹೊತ್ತ ಗಾಯಕ ಎರಡನ್ನು ಇಳಿಸಿ ಐದು ಮಾಡಿಕೊಳ್ಳಲು ಕಾರಣ ಕಾಣುವುದಿಲ್ಲ. ಐದನ್ನು ಏರಿಸಿ ಎರಡು ಮಾಡಲು ಅಭಿಮಾನಿಗಳಿಗೆ ಕಾರಣ ಬೇಕಾದಷ್ಟಿದೆ. ನಾನು ಐದರ ಕಡೆಗೆ ವಾಲಿದೆ.

ಅಲ್ಲಿಗೆ ನನ್ನ ಕೆಲಸ ಮುಗಿಯಬೇಕಿತ್ತು. ಸಂಜೆ ಲೀ ಕೌಂಟಿ ಗ್ರಂಥಾಲಯದಲ್ಲಿ ಕುಳಿತು ಇನ್ನೊಂದು ಸಾಲು ತುಂಬಿಸಲು ಹೊರಟೆ: ಹುಡುಗನ ದನಿಯನ್ನು ಮೊದಲು ಗುರುತಿಸಿದವರು ಯಾರು? ಐದನೆಯ ತರಗತಿಯ ಟೀಚರು ಓಲೀಟಾ ಗ್ರೈಮ್ಸ್. ತರಗತಿಯಲ್ಲಿ ಅವನ ಹಾಡು ಕೇಳಿ ಹೆಡ್‌ಮಾಸ್ಟರಿಗೆ ಹೇಳಿದವರು, ಜಾತ್ರೆಗೆ ದಾರಿ ಮಾಡಿಕೊಟ್ಟವರು ಅವರು. ಹಳೆಯ ದಾಖಲೆಗಳಲ್ಲಿ ಹೆಂಗಸರ ಹೆಸರು ಸಿಕ್ಕಾಗ ತವರಿನ ಹೆಸರನ್ನು ಪಕ್ಕದಲ್ಲಿ ಬರೆದುಕೊಳ್ಳುವುದು ನನ್ನ ಅಭ್ಯಾಸ. ಗ್ರೈಮ್ಸ್ ಪಕ್ಕದಲ್ಲಿ ಆವರಣ ಹಾಕಿ, ಪುಟ ತಿರುಗಿಸಿ, ಬರೆದೆ: ಬೀನ್. ಆರ್ವಿಲ್ ಬೀನ್‌ನ ಮಗಳು.

ಪೆನ್ನು ಕೆಳಗಿಟ್ಟೆ. ಜೀವನಚರಿತ್ರೆಕಾರರು ಇದನ್ನು ಎಂದೋ ಬರೆದಿದ್ದಾರೆ, ನಾನೂ ಓದಿಯೇ ಇದ್ದೆ. ಕಣ್ಣಿಗೆ ಬಿದ್ದಿರಲಿಲ್ಲ, ಯಾಕೆಂದರೆ ಅಲ್ಲಿಯವರೆಗೆ ಓದಿದ್ದು ತಾರೆಯ ಕಥೆ. ಅಂದು ಬೆಳಗಿನಿಂದ ಓದಿದ್ದು ಸಾಲ ಕೊಟ್ಟವನ ಕಥೆ. ಮನೆಯ 180 ಡಾಲರ್, ಹಂದಿಯ ಚೆಕ್ಕು, ತರಗತಿಯ ಹಾಡು, ಮೂರೂ ಒಂದೇ ಹೆಸರಿಗೆ ಕಟ್ಟಿಕೊಂಡಿದ್ದವು. ನಾಲ್ಕನೆಯದೂ ಇತ್ತು. 1945ರ ಆಗಸ್ಟಿನಲ್ಲಿ, ಜಾತ್ರೆಗೆ ಕೆಲವೇ ವಾರ ಮೊದಲು, ವರ್ನನ್ 200 ಡಾಲರ್ ಮುಂಗಡ ಕೊಟ್ಟು ಬೆರ್ರಿ ಸ್ಟ್ರೀಟಿನಲ್ಲಿ ಮನೆ ಹಿಡಿದ. ಮಾರಿದವನು ಬೀನ್.

ಜೈಲಿಗೆ ಕಳಿಸಿದವನ ಮಗಳು ಆ ಕೈದಿಯ ಮಗನನ್ನು ವೇದಿಕೆಗೆ ಹತ್ತಿಸಿದಳು ಎಂದು ಬರೆದುಬಿಡುವುದು ಸುಲಭ. ಅದರ ಹಿಂದೆ ಪಶ್ಚಾತ್ತಾಪವಿತ್ತೆಂದು ಸೇರಿಸಿದರೆ ಸಿನಿಮಾವೇ ಆಗುತ್ತದೆ. ಕೈ ತಡೆದುಕೊಂಡೆ. ಪೂರ್ವ ಟುಪೆಲೊ ಅಂದು ಚಿಕ್ಕ ಊರು, ಚಿಕ್ಕ ಊರಿನಲ್ಲಿ ಜಮೀನುದಾರ, ಸಾಲಿಗ, ಟೀಚರು, ವಿದ್ಯಾರ್ಥಿ ಒಬ್ಬರಿಗೊಬ್ಬರು ಎದುರಾಗದೆ ಗತಿಯಿಲ್ಲ. ಆ ಟೀಚರಿಗೆ ಕಂಡದ್ದು ಬರೀ ಒಳ್ಳೆಯ ಕಂಠವೂ ಇರಬಹುದು. ಹೆಸರುಗಳು ಕೂಡಿದ್ದನ್ನು ದಾಖಲೆ ತೋರಿಸಿತು, ಮನಸ್ಸುಗಳು ಕೂಡಿದ್ದನ್ನು ತೋರಿಸಲಿಲ್ಲ. ಆದರೂ ವರ್ನನ್ ಆ ಮನುಷ್ಯನ ಹತ್ತಿರವೇ ಮತ್ತೆ ಮನೆ ಕೊಳ್ಳಲು ಹೋದ ದಿನ, ಬಾಗಿಲಲ್ಲಿ ಇಬ್ಬರೂ ಏನು ಮಾತಾಡಿಕೊಂಡರೋ ಎಂದು ಕೇಳಿಕೊಳ್ಳದೆ ಇರಲಾರೆ.

ಬೆಳಕು ಇಳಿಯುವ ಮೊದಲು ಪ್ರೈಸ್‌ವಿಲ್ ಸ್ಮಶಾನಕ್ಕೆ ಹೋದೆವು. ಜೀವವಿಲ್ಲದೆ ಹುಟ್ಟಿದ ಅಣ್ಣನನ್ನು ಮಣ್ಣು ಮಾಡಿದ್ದು ಇಲ್ಲಿ, ಗುರುತಿನ ಕಲ್ಲಿಲ್ಲದೆ. ಗ್ರೇಸ್‌ಲ್ಯಾಂಡಿನಲ್ಲಿ ಅವನ ಹೆಸರಿನ ಪುಟ್ಟ ಫಲಕವಿದೆ, ದೇಹವಿರುವ ಊರಿನಲ್ಲಿ ಏನೂ ಇಲ್ಲ. ಎರಡು ಸಾಲು ಸಮಾಧಿಗಳ ನಡುವೆ ಹುಲ್ಲಿನ ಮೇಲೆ ನಿಂತು ಗೆಳೆಯ "ಯಾವ ಕಡೆ?" ಎಂದು ಕೇಳಿದ. ಬೆಳಗಿನಿಂದ ನಾನು ಹಿಡಿದುಕೊಂಡೇ ಇದ್ದ ನೋಟ್‌ಬುಕ್ಕನ್ನು ಕಾರಿನಲ್ಲಿಟ್ಟು ಬಂದು ಅವನ ಜೊತೆ ನಿಂತೆ.